ಚಿಗವ್ವನ ಮಳೆಯನ್ನು ನಾನು ಅಳಿಸಿದ್ದು

ನನಗೊಂದು ಚಟವಿದೆ. ಬೆಳಿಗ್ಗೆ ಪೇಪರು ಓದಿದ ಮೇಲೆ ಅದನ್ನು ಮಡಚುವ ಮೊದಲು ಏನಾದರೊಂದು ಒಳ್ಳೆಯ ಸುದ್ದಿಯ ಮೇಲೆ ಕಣ್ಣು ಬೀಳಲೇಬೇಕು. ಬೀಳದಿದ್ದರೆ ಪೇಪರು ಮಡಚಲು ಕೈ ಏಳುವುದಿಲ್ಲ. ಒಳ್ಳೆಯ ಸುದ್ದಿ ಸಿಗುವುದೇನು ಸುಲಭವೇ, ನೀವೂ ಪೇಪರು ಓದುವವರು, ನಿಮಗೆ ನಾನು ಹೇಳಬೇಕಾಗಿಲ್ಲ. ಕೆಲವು ದಿನ ಒಳಪುಟದ ಮೂಲೆಗೆ ಹೋಗಿ, ಯಾವುದೋ ಊರಿನ ಯಾರೋ ಹುಡುಗಿಗೆ ಚಿತ್ರಕಲೆಯಲ್ಲಿ ಬಹುಮಾನ ಬಂದದ್ದನ್ನು ಓದಿ ಸಮಾಧಾನ ಮಾಡಿಕೊಳ್ಳುತ್ತೇನೆ. ಅದೂ ಇಲ್ಲದ ದಿನ ಸೀರೆ ಅಂಗಡಿಯ ಜಾಹೀರಾತೇ ಗತಿ. ನನ್ನ ಹೆಂಡತಿ ಕಿತ್ತೂರಿನವಳು, ಸುತ್ತಿ ಬಳಸಿ ಮಾತಾಡುವ ಜಾಯಮಾನ ಅವಳದಲ್ಲ. "ಆ ಸೀರಿ ಜಾಹೀರಾತು ಮೂರು ಸಲ ಓದಿದ್ರಿ. ತರೂದಿದ್ರ ತರ್ರಿ, ಇಲ್ಲಂದ್ರ ಪೇಪರ್ ಕೆಳಗ ಇಡ್ರಿ" ಎನ್ನುತ್ತಾಳೆ.

ಈ ಚಟ ನನಗೆ ಅಂಟಿದ್ದು ಸವದತ್ತಿಯಲ್ಲಿ, ನಮ್ಮ ಕಾಕಾನ ಮನೆಯ ಮಾಳಿಗೆಯ ಮೇಲೆ. ಹೈಸ್ಕೂಲಿನ ಮೂರು ವರ್ಷ ನಾನು ಅಲ್ಲಿದ್ದೆ. ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ, ಸರ್ಕಾರಿ ಬಸ್ಸಿನ ಕಂಡಕ್ಟರು. ಅವರ ಹೆಂಡತಿ ನನಗೆ ಚಿಗವ್ವ. ಮಕ್ಕಳಿಲ್ಲದ ಆ ಮನೆಗೆ ನಾನು ಹೋದದ್ದೇ ತಡ, ಅವರಿಬ್ಬರಿಗೂ ಮೂರು ಹೊತ್ತೂ ಒದರಾಡಲು ಒಂದು ನೆಪ ಸಿಕ್ಕಿತು. ಕಾಕಾನ ದನಿ ಎಂಥದೆಂದರೆ, ಬಸ್‌ಸ್ಟ್ಯಾಂಡಿನಲ್ಲಿ ಅವರು "ಯರಗಟ್ಟಿ, ಯರಗಟ್ಟಿ" ಎಂದು ಕೂಗಿದರೆ ಯರಗಟ್ಟಿಯಲ್ಲಿ ಕೆಲಸವಿಲ್ಲದವರೂ ಒಂದು ಸಲ ಎದ್ದು ನಿಲ್ಲುತ್ತಿದ್ದರು. ಅದೇ ದನಿ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ರೊಟ್ಟಿ ತಿಂದು ಮಾಳಿಗೆ ಹತ್ತಿದರೆ ಅರ್ಧಕ್ಕೆ ಇಳಿಯುತ್ತಿತ್ತು. ಆಮೇಲೆ ಪುಸ್ತಕ ಓದುತ್ತಿತ್ತು.

ಪುಸ್ತಕವೆಂದರೆ ಒಂದೇ ಪುಸ್ತಕ. ಯಾವುದೋ ಪ್ರಯಾಣಿಕರು ರಾಮದುರ್ಗದ ಬಸ್ಸಿನಲ್ಲಿ ಬಿಟ್ಟು ಹೋದದ್ದು. ಕಾಕಾ ಅದನ್ನು ಡಿಪೋದಲ್ಲಿ ಒಪ್ಪಿಸಿದ್ದರು. ಬಹಳ ದಿನ ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಅಲ್ಲಿಯವರು "ನೀವ ಒಯ್ರಿ, ಇಲಿ ತಿನ್ನಾಕ ಹತ್ಯಾವು" ಎಂದು ಅವರಿಗೇ ಕೊಟ್ಟರು. ರಟ್ಟು ಹೋಗಿತ್ತು, ಮೊದಲ ಕೆಲವು ಹಾಳೆಗಳೂ ಹೋಗಿದ್ದವು. ಹೀಗಾಗಿ ಅದರ ಹೆಸರು ನಮಗೆ ಇಂದಿಗೂ ಗೊತ್ತಿಲ್ಲ, ಬರೆದವರು ಯಾರೆಂದೂ ಗೊತ್ತಿಲ್ಲ. ತುಂಗಕ್ಕ ಎಂಬ ಒಬ್ಬಳು ಚಿಕ್ಕಂದಿನಲ್ಲಿ ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ಊರಿಂದೂರಿಗೆ ನಡೆಯುವ ಕಥೆ. ಆರುನೂರು ಪುಟ ನಡೆಯುತ್ತಾಳೆ. ಬರೆದವರಿಗೆ ಆಕೆಯ ಮೇಲೆ ಏನು ಸಿಟ್ಟಿತ್ತೋ, ಎರಡು ಪುಟಕ್ಕೊಮ್ಮೆ ಅಳಿಸುತ್ತಾರೆ.

ಆದರೆ ಚಿಗವ್ವನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕಥೆಯೊಳಗೆ ಯಾರಾದರೂ ಅಳುತ್ತಿರುವಾಗ ಪುಸ್ತಕ ಮುಚ್ಚಬಾರದು. "ಅಕಿನ್ನ ಅಳಕೋತ ಬಿಟ್ಟು ನಾವು ಹೋಗಿ ಮಲಗೂದೇನು?" ಎನ್ನುತ್ತಿದ್ದಳು ಚಿಗವ್ವ. ಅವಳ ತವರಿನಲ್ಲಿ ಶ್ರಾವಣದ ಪುರಾಣ ಓದುವಾಗಲೂ ಹೀಗೇ ಅಂತೆ. ವನವಾಸ, ಸಾವು, ಶಾಪ ಇಂಥದರ ಮೇಲೆ ಆ ದಿನದ ಓದು ನಿಲ್ಲುವಂತಿಲ್ಲ. ಮುಂದೆ ಒಂದು ಮಗು ಹುಟ್ಟುವ ತನಕವೋ, ಯಾರಾದರೂ ಯಾರಿಗಾದರೂ ನೀರು ಕೊಡುವ ತನಕವೋ ಓದಿಯೇ ಮುಚ್ಚಬೇಕು. ಹಾಗಾಗಿ ಕಾಕಾ ಅಧ್ಯಾಯ ಮುಗಿಯಿತೆಂದು ನಿಲ್ಲಿಸುತ್ತಿರಲಿಲ್ಲ. ಎಲ್ಲೋ ಅಧ್ಯಾಯದ ನಡುವೆ ತುಂಗಕ್ಕನಿಗೆ ಯಾರೋ ಒಂದು ಚೊಂಬು ಮಜ್ಜಿಗೆ ಕೊಟ್ಟರೆ ಅಲ್ಲಿ ಪುಸ್ತಕ ಮುಚ್ಚುತ್ತಿದ್ದರು.

ನನ್ನ ಕಷ್ಟ ಏನೆಂದರೆ, ಆ ಒಳ್ಳೆಯ ಜಾಗ ಬರುವ ಮೊದಲೇ ನನಗೆ ನಿದ್ದೆ ಬರುತ್ತಿತ್ತು. ಮಲಪ್ರಭೆಯ ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೌದಿಯ ಅಂಚು ಮುಖಕ್ಕೆ ತಾಗಿದರೆ ಹಳೆಯ ಸೀರೆಗಳ ವಾಸನೆ. ಕಾಕಾನ ದನಿ ಹತ್ತಿರವಿದ್ದದ್ದು ದೂರವಾಗುತ್ತ, ದೂರವಿದ್ದ ತುಂಗಕ್ಕ ಹತ್ತಿರವಾಗುತ್ತ ಬರುತ್ತಿದ್ದಳು. ನನ್ನ ನಿದ್ದೆಯೊಳಗೆ ಆಕೆ ನಡೆಯುವ ದಾರಿ ನಮ್ಮ ಸಾಲಿಯ ಹಿಂದಿನ ದಾರಿಯೇ ಆಗಿತ್ತು. ಒಂದೊಂದು ಸಲ ನನ್ನ ಪಕ್ಕದ ಬೆಂಚಿನ ಮೇಲೆ ಕೂತು ಗಣಿತದ ವಹಿ ನೋಡುತ್ತಿದ್ದಳು. ಬೆಳಗಾದ ಮೇಲೆ ಚಿಗವ್ವನ ಹತ್ತಿರ ಹೋಗಿ ನಿನ್ನೆ ಎಲ್ಲಿಗೆ ನಿಂತಿತೆಂದು ಕೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ "ಮಜ್ಜಿಗಿ ಕೊಟ್ರು" ಎಂದೋ "ಎಮ್ಮಿ ಈತು" ಎಂದೋ ಹೇಳುತ್ತಿದ್ದಳು. ಇಡೀ ಕಾದಂಬರಿಯ ದುಃಖವೆಲ್ಲ ನನ್ನ ನಿದ್ದೆಗೆ ಹೋಗಿ, ಮಜ್ಜಿಗೆ ಮತ್ತು ಎಮ್ಮೆ ಮಾತ್ರ ನನ್ನ ಎಚ್ಚರಕ್ಕೆ ಉಳಿದವು. ಬಹಳ ವರ್ಷ ನಾನು ಅದನ್ನೊಂದು ಸಂತೋಷದ ಪುಸ್ತಕವೆಂದೇ ತಿಳಿದಿದ್ದೆ.

ಈಗ ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನೋಡಿಕೊಳ್ಳುವುದೆಂದರೆ ಹೆಚ್ಚಾಗಿ ಧೂಳು ಒರೆಸುವುದು. ಆದರೆ ಒಂದು ವಿದ್ಯೆಯ ಬಗ್ಗೆ ಮಾತ್ರ ನನಗೆ ಜಂಭ. ಕಂಪ್ಯೂಟರಿನಲ್ಲಿ ಕರಿ ಪರದೆಯೊಂದು ಇರುತ್ತದೆ. ಅದರಲ್ಲಿ ಚಿತ್ರವಿಲ್ಲ, ಮೌಸಿನ ಹಂಗಿಲ್ಲ. ನಾಲ್ಕು ಸಾಲಿನ ಅಪ್ಪಣೆ ಬರೆದು ಎಂಟರ್ ಒತ್ತಿದರೆ ಸಾವಿರ ಫೈಲುಗಳ ಹೆಸರು ಕಣ್ಣು ಮಿಟುಕಿಸುವುದರೊಳಗೆ ಬದಲಾಗುತ್ತದೆ. ಹುಡುಗರು ಬಾಯಿ ಬಿಟ್ಟು ನೋಡುತ್ತಾರೆ. ಹಾಗೆ ಮಾಡುವ ಮೊದಲು ಹಳೆಯ ಹೆಸರುಗಳ ಪಟ್ಟಿಯನ್ನು ಎತ್ತಿಟ್ಟುಕೊಳ್ಳಬೇಕು ಎಂದು ಅವರಿಗೆ ಪ್ರತಿ ವರ್ಷ ಹೇಳುತ್ತೇನೆ. ಹೇಳುವವನು ನಾನು, ಮಾಡಬೇಕಾದವರು ಅವರು ಎಂಬ ಭಾವನೆ ಯಾವಾಗ ಒಳಹೊಕ್ಕಿತೋ ತಿಳಿಯದು.

ಹೋದ ವರ್ಷ ಕಾಕಾನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಕಾಕಾ ಎರಡು ತಿಂಗಳ ಮೇಲೊಂದು ವಾರ ಸಮಯ ಕೇಳಿ ಪಡೆದರು. ಅಷ್ಟು ಹೊತ್ತಿಗೆ ಚಿಗವ್ವನ ಕಣ್ಣು ಸಕ್ಕರೆ ಕಾಯಿಲೆಯಿಂದ ಮಂಜಾಗಿ, ಬಾಗಿಲು ಎಲ್ಲಿ ಕಿಟಕಿ ಎಲ್ಲಿ ಎಂಬಷ್ಟು ಮಾತ್ರ ಕಾಣುತ್ತಿತ್ತು. ಅಷ್ಟೂ ದಿನ ಕಾಕಾ ತಪ್ಪದೆ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ತುಂಗಕ್ಕನ ಕಥೆಯನ್ನು ಚಿಗವ್ವನ ಫೋನಿಗೆ ಓದಿ ರೆಕಾರ್ಡು ಮಾಡಿದರು. ಆಮೇಲೆ ಬೆಳಗಾವಿಗೆ ಹೋದರು. ಮರಳಿ ಬಂದಾಗ ಕೈಯಲ್ಲಿ ಒಂದು ಪಾಟಿ, ಒಂದು ಬಳಪದ ಡಬ್ಬಿ ಇತ್ತು. ನಗುವುದಕ್ಕೆ ಹೋದರೆ ಬರೀ ಗಾಳಿಯ ಸದ್ದು ಬರುತ್ತಿತ್ತು. ನನಗಂತೂ ಆ ಸದ್ದು ಕೇಳಲು ಆಗಲಿಲ್ಲ, ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ.

ಯುಗಾದಿಗೆ ಮುಂಚೆ ಒಂದು ಭಾನುವಾರ ಸವದತ್ತಿಗೆ ಹೋದವನು ಚಿಗವ್ವನ ಫೋನು ಕೈಗೆತ್ತಿಕೊಂಡೆ. ಅರವತ್ತೆಂಟು ರೆಕಾರ್ಡಿಂಗುಗಳಿದ್ದವು. ಹೆಸರು ನೋಡಿ ನನಗೆ ನಗು ಬಂತು. 'ಅವ್ವ ನೆನಪಾದಳು', 'ಎಮ್ಮಿ ಈತು', 'ಕೂಸು ನಕ್ಕಿತು', 'ದೀಪ ಹಚ್ಚಿದರು', 'ಮಜ್ಜಿಗಿ ಕೊಟ್ರು', 'ಮಳಿ ಬಂತು'. ಫೋನು ಅವನ್ನೆಲ್ಲ ಅಕಾರಾದಿಯಲ್ಲಿ ಜೋಡಿಸಿಟ್ಟಿತ್ತು. ಕಥೆಯ ಹಿಂದು ಮುಂದು ಒಂದೂ ಇಲ್ಲ. ಪಾಪ, ವಯಸ್ಸಾದವರು, ಗೊತ್ತಾಗದೆ ಏನೇನೋ ಹೆಸರು ಕೊಟ್ಟಿದ್ದಾರೆ ಎಂದುಕೊಂಡೆ. ಚಿಗವ್ವ ಅಡುಗೆಮನೆಯಲ್ಲಿದ್ದಳು, ಕಾಕಾ ಹೊರಗೆ ಹೋಗಿದ್ದರು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದೆ. ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸಿದೆ. ರೆಕಾರ್ಡು ಆದ ತಾರೀಖಿನ ಕ್ರಮದಲ್ಲಿ ಒಂದೊಂದಕ್ಕೂ 'ಅಧ್ಯಾಯ 001', 'ಅಧ್ಯಾಯ 002' ಎಂದು ಹೆಸರಿಡಲು ನಾಲ್ಕು ಸಾಲು ಬರೆದೆ. ಮುಂದೆ ಸೊನ್ನೆ ಏಕೆ ಹಾಕಬೇಕು ಎಂಬುದನ್ನು ಹುಡುಗರಿಗೆ ವಿವರಿಸುವ ಹಾಗೆ ನನಗೆ ನಾನೇ ವಿವರಿಸಿಕೊಂಡೆ. ಎಂಟರ್ ಒತ್ತಿದೆ. ಹಳೆಯವನ್ನು ಫೋನಿನಿಂದ ಅಳಿಸಿ ಹೊಸವನ್ನು ತುಂಬಿದೆ. ಕರಿ ಪರದೆಯಲ್ಲಿ ಖಾತ್ರಿ ಇದೆಯೇ ಎಂದು ಮರಳಿ ಕೇಳುವ ಪದ್ಧತಿ ಇಲ್ಲ. ಇದ್ದರೂ ಆ ದಿನ ನಾನು ಹೌದು ಎಂದೇ ಹೇಳುತ್ತಿದ್ದೆ. ಚಿಗವ್ವ ಕೊಟ್ಟ ಚಹಾ ಕುಡಿದು, ದೊಡ್ಡ ಉಪಕಾರ ಮಾಡಿದವನ ಹಾಗೆ ಬೈಲಹೊಂಗಲದ ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಅವಳ ಫೋನು ಬಂತು.

"ಈರಣ್ಣ, ನನ್ನ ಮಳಿ ಎಲ್ಲಿ ಹೋತೋ?"

"ಯಾವ ಮಳಿ, ಚಿಗವ್ವ?" ಎಂದೆ.

"ಫೋನಿನಾಗಿನ ಆಕಿ ಬರೇ ಅಧ್ಯಾಯ, ಅಧ್ಯಾಯ ಅಂತ ಸಾಲ್ಯಾಗ ಹಾಜರಿ ಕೂಗಿದಂಗ ಕೂಗಾಕ ಹತ್ಯಾಳ. ನನ್ನ ಮಳಿ ಇಲ್ಲ, ಎಮ್ಮಿ ಇಲ್ಲ. ನೀ ಏನರ ಮಾಡಿದ್ಯೇನು?"

ಆಗ ಅವಳು ಬಿಡಿಸಿ ಹೇಳಿದಳು. ಫೋನಿನ ಮೇಲೆ ಬೆರಳಾಡಿಸಿದರೆ ಒಳಗಿನಿಂದ ಹೆಣ್ಣಿನ ದನಿಯೊಂದು ಹೆಸರುಗಳನ್ನು ಓದಿ ಹೇಳುತ್ತದಲ್ಲ, ಚಿಗವ್ವ ದಿನಾ ಮಧ್ಯಾಹ್ನ ಹಾಗೆ ಹೆಸರುಗಳನ್ನು ಕೇಳುತ್ತ ಹೋಗಿ, ಆ ದಿನದ ಮನಸ್ಸಿಗೆ ತಕ್ಕದ್ದನ್ನು ಆರಿಸಿಕೊಳ್ಳುತ್ತಿದ್ದಳು. ಮೊಣಕಾಲು ನೋಯುವ ದಿನ ಎಮ್ಮೆ, ಸೆಕೆಯ ದಿನ ಮಳೆ. ಹೆಸರೆಂದರೆ ಆ ದಿನದ ಓದು ಎಲ್ಲಿಗೆ ಮುಟ್ಟಿತೋ ಅದರ ಹೆಸರು. ಕಥೆಯ ಕ್ರಮ ಅವಳಿಗೆ ಬೇಕಾಗಿಯೇ ಇರಲಿಲ್ಲ, ನಲವತ್ತು ವರ್ಷದಿಂದ ಬಾಯಿಪಾಠವಿತ್ತು. ಮುಂದಿನ ಭಾನುವಾರ ಅಪರಾಧಿಯಂತೆ ಹೋಗಿ ಕಾಕಾನ ಎದುರು ಕೂತೆ. "ಹಂಗ ಯಾಕ ಹೆಸರು ಇಟ್ಟಿದ್ರಿ ಕಾಕಾ?" ಎಂದೆ. ಅವರು ಪಾಟಿಯ ಮೇಲೆ ಬರೆದರು: "ಬಸ್ಸಿಗೆ ಬೋರ್ಡ್ ಎಲ್ಲಿಂದ ಬಂತು ಅಂತ ಹಾಕತಾರೇನು? ಎಲ್ಲಿಗೆ ಹೊಂಟೈತಿ ಅಂತ ಹಾಕತಾರ."

ಅವತ್ತೇ ಇನ್ನೊಂದು ಸಂಗತಿಯೂ ಗೊತ್ತಾಯಿತು. ಮಧ್ಯಾಹ್ನ ಚಿಗವ್ವ ಫೋನು ಕೈಗೆ ತೆಗೆದುಕೊಂಡಳೋ ಇಲ್ಲವೋ, ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಸ್‌ಸ್ಟ್ಯಾಂಡಿಗೆ ಹೋಗಿ ಕೂಡುತ್ತಾರಂತೆ. ದಿನಾ ಹೀಗೇ.

"ತಮ್ಮ ದನಿ ತಾವು ಕೇಳಾಕ ಆಗೂದಿಲ್ಲ ಅವರಿಗೆ" ಎಂದಳು ಚಿಗವ್ವ. "ಅವರು ಮನ್ಯಾಗ ಇದ್ರ ದನಿ ಇರೂದಿಲ್ಲ. ದನಿ ಹಚ್ಚಿದ್ರ ಅವರು ಇರೂದಿಲ್ಲ. ಎರಡೂ ಕೂಡಿ ಒಂದು ದಿನಾನೂ ನನ್ನ ಬಾಜೂಕ ಕುಂತಿಲ್ಲ ನೋಡಪಾ."

ಅವಳು ಅಳಲಿಲ್ಲ. ಫೋನನ್ನು ಸೆರಗಿನಿಂದ ಒರೆಸಿದಳು, ಅಷ್ಟೇ. ಅವಳ ಹತ್ತಿರ ಉಳಿದದ್ದು ಅರ್ಧ ಗಂಡ, ಅರ್ಧ ದನಿ. ಅದರ ಮೇಲಿನ ಚೀಟಿಗಳನ್ನೂ ನಾನು ಕಿತ್ತೆಸೆದಿದ್ದೆ.

ಸಂಜೆ ಕಾಕಾ ಮರಳಿದ ಮೇಲೆ, ಹೆಸರುಗಳನ್ನು ಮರಳಿ ತರುವುದು ಹೇಗೆ ಎಂದು ಮೂವರೂ ಕೂತು ವಿಚಾರ ಮಾಡಿದೆವು. ಹಳೆಯ ಪಟ್ಟಿಯನ್ನು ನಾನು ಎತ್ತಿಟ್ಟುಕೊಂಡಿರಲಿಲ್ಲ. ಹೆಸರುಗಳೇನೋ ಚಿಗವ್ವನಿಗೆ ಬಹಳಷ್ಟು ನೆನಪಿದ್ದವು, ಯಾವುದು ಯಾವುದರದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಂದೊಂದರ ಕೊನೆಯ ಎರಡು ನಿಮಿಷ ಕೇಳಿದರೆ ಸಾಕು, ಒಂದೇ ದಿನದಲ್ಲಿ ಮುಗಿಸಿಬಿಡೋಣ ಎಂದು ನಾನು ಹುಮ್ಮಸ್ಸಿನಿಂದ ಹೇಳಿದೆ.

"ಏನೂ ಬ್ಯಾಡ" ಎಂದಳು ಚಿಗವ್ವ. "ಕಡೀ ಸ್ಟಾಪಿಗೆ ಹಾರಿ ಇಳಿಯಾಕ ಬರತೈತೇನು? ಮೊದಲಿಂದ ಕುಂತು ಹೋಗಬೇಕು. ಹೆಸರು ಇಟ್ಟವರು ಅವರು, ಅವರೇ ಕುಂತು ಕೇಳಿ ಮತ್ತ ಹೆಸರು ಇಡಲಿ. ದಿನಕ್ಕ ಒಂದು."

ಕಾಕಾ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಚಿಗವ್ವ ಎಷ್ಟು ಜಾಣೆ ಎಂಬುದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ನಾನು ಮತ್ತೆ ಬೈಲಹೊಂಗಲದ ಬಸ್ಸಿನಲ್ಲಿದ್ದೆ.

ಹೀಗೆ ಯುಗಾದಿಯಿಂದ ಕಾರಹುಣ್ಣಿಮೆಯ ತನಕ ನಡೆಯಿತು. ಭಾನುವಾರ ನಾನು ಹೋಗಿ, ವಾರದಲ್ಲಿ ಕಾಕಾ ವಹಿಯಲ್ಲಿ ಬರೆದಿಟ್ಟ ಏಳು ಹೆಸರುಗಳನ್ನು ಫೋನಿಗೆ ಸೇರಿಸುತ್ತಿದ್ದೆ. ಕೈಯಿಂದ, ಒಂದೊಂದಾಗಿ. ನಾಲ್ಕು ಸಾಲಿನ ಅಪ್ಪಣೆಗೆ ಇಲ್ಲಿ ಕೆಲಸವಿರಲಿಲ್ಲ. ಮೊದಲ ಭಾನುವಾರ ಕಾಕಾ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದರು. ಒಂದು ಕಾಲು ಚಪ್ಪಲಿಯೊಳಗೇ ಇತ್ತು. ಅವರ ದನಿ ಫೋನಿನಿಂದ ಏಳುತ್ತಿದ್ದಂತೆ ಕಿವಿಯ ಹಿಂದಿನ ನರ ಬಿಗಿಯಾಯಿತು. ಎರಡನೆಯ ಭಾನುವಾರ ಚಪ್ಪಲಿ ಕೆಳಗಿತ್ತು. ಐದನೆಯದಕ್ಕೆ ಹೋದಾಗ ಹೊಸ್ತಿಲು ಖಾಲಿಯಿತ್ತು. ಒಳಗೆ ಚಾಪೆಯ ಮೇಲೆ ಇಬ್ಬರೂ ಗೋಡೆಗೆ ಒರಗಿ ಕೂತಿದ್ದರು, ನಡುವೆ ಚುರುಮುರಿಯ ತಾಟು. ಚಿಗವ್ವ ಮಾತಾಡದೆ ಚುರುಮುರಿಯೊಳಗಿನ ಶೇಂಗಾ ಆರಿಸಿ ಕಾಕಾನ ಕಡೆ ಸರಿಸುತ್ತಿದ್ದಳು. ಕಿಟಕಿಯ ಸರಳಿನ ನೆರಳು ನೆಲದ ಮೇಲೆ ನಿಧಾನವಾಗಿ ಉದ್ದವಾಗುತ್ತಿತ್ತು. ನಾನೂ ಬಾಗಿಲ ಬಳಿ ಒರಗಿದೆ. ಆ ದನಿ, ಆ ಚುರುಮುರಿಯ ಕುರುಕುರು ಸದ್ದು. ಈ ವಯಸ್ಸಿನಲ್ಲೂ ನನಗೆ ಕಣ್ಣು ಮುಚ್ಚಿ ಬಂತು. ತುಂಗಕ್ಕ ಬಂದು ನನ್ನ ಲ್ಯಾಬಿನ ಕುರ್ಚಿಯ ಮೇಲೆ ಕೂತಳು. ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದಳು.

ನಿದ್ದೆ ಬಾರದಿರಲೆಂದು ಮುಂದಿನ ಭಾನುವಾರ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು, ದನಿಯ ಜೊತೆಗೆ ಸಾಲು ಸಾಲಾಗಿ ಹೋದೆ. ಅವತ್ತಿನದು ಮಳೆಯದು. ಹೊಲದ ನಡುವೆ ತುಂಗಕ್ಕ ಒಬ್ಬಳೇ ನಿಂತು ಅಳುತ್ತಾಳೆ, ಸುತ್ತ ನಾಲ್ಕು ದಿಕ್ಕಿಗೂ ಮನುಷ್ಯರ ಸುಳಿವಿಲ್ಲ. ಪುಸ್ತಕದಲ್ಲಿ ಅಧ್ಯಾಯ ಅಲ್ಲಿಗೆ ಮುಗಿದಿತ್ತು. ಫೋನಿನಲ್ಲಿ ಮುಗಿದಿರಲಿಲ್ಲ. ಕಾಕಾನ ದನಿ ಉಸಿರೂ ತೆಗೆದುಕೊಳ್ಳದೆ "ಅಷ್ಟರಲ್ಲಿ ಮಳೆ ಬಂತು" ಎಂದು ಓದಿತು. ಹಾಳೆ ತಿರುವಿ ನೋಡಿದೆ, ಹಿಂದಿನ ಹಾಳೆಯನ್ನೂ ನೋಡಿದೆ. ಮಳೆ ಎಲ್ಲೂ ಇರಲಿಲ್ಲ. ತಲೆಯೆತ್ತಿದರೆ ಕಾಕಾ ನನ್ನನ್ನೇ ನೋಡುತ್ತಿದ್ದರು. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದರು. ಮಾತಿಲ್ಲದವರು ನನಗೆ ಸುಮ್ಮನಿರಲು ಹೇಳಿದ್ದು! ಚಿಗವ್ವ ಮುಖ ಮೇಲೆತ್ತಿ ನಿಜವಾಗಿ ಮಳೆಯಲ್ಲಿ ಕೂತವಳ ಹಾಗೆ ಕೂತಿದ್ದಳು. ನಾನು ಪುಸ್ತಕ ಮುಚ್ಚಿಟ್ಟೆ. ಎಮ್ಮೆಯೂ ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂದು ನೋಡಲು ಮನಸ್ಸಾಗಲಿಲ್ಲ.

ಕಾರಹುಣ್ಣಿಮೆಯ ದಿನ ರಜೆ ಹಾಕಿ ಹೋದೆ. ಅರವತ್ತೇಳು ಮುಗಿದಿದ್ದವು, ಒಂದು ಉಳಿದಿತ್ತು. ಅದರ ಹಳೆಯ ಹೆಸರು ಏನೆಂದು ಕೇಳಿದರೆ ಕಾಕಾ ತಲೆಯಾಡಿಸಿದರು. ಅದಕ್ಕೆ ಹೆಸರೇ ಇರಲಿಲ್ಲವಂತೆ. ಬೆಳಗಾವಿಗೆ ಹೊರಡುವ ದಿನ ಬೆಳಿಗ್ಗೆ ಓದಿದ್ದು, ಬಸ್ಸಿನ ಹೊತ್ತಾಗಿ ಅರ್ಧಕ್ಕೆ ಬಿಟ್ಟದ್ದು. ಚಿಗವ್ವ ಅದನ್ನು ಒಮ್ಮೆಯೂ ಹಚ್ಚಿರಲಿಲ್ಲ. ಹೆಸರಿಲ್ಲದ್ದು ಎಲ್ಲಿ ಒಯ್ದು ಇಳಿಸುತ್ತದೋ ಎಂಬ ಭಯ ಇರಬೇಕು. ಅವತ್ತು ತಾನೇ ಹಚ್ಚಿದಳು.

ತುಂಗಕ್ಕ ಕೊನೆಯ ಊರಿಗೆ ಬರುತ್ತಾಳೆ. ಅಣ್ಣನ ಮನೆ ಯಾವುದೆಂದು ಕೇಳುತ್ತಾಳೆ. ಯಾರೋ ಕೈ ಮಾಡಿ ತೋರಿಸುತ್ತಾರೆ. ಅಲ್ಲಿಗೆ ಕಾಕಾನ ದನಿ ಒಡೆಯಿತು, ಕೆಮ್ಮು ಬಂತು, ರೆಕಾರ್ಡು ನಿಂತಿತು. ಅದು ಅವರ ದನಿಯ ಕೊನೆ ಎಂಬುದು ಮೂವರಿಗೂ ಗೊತ್ತಿತ್ತು.

"ಮುಂದ?" ಎಂದಳು ಚಿಗವ್ವ.

ಕಾಕಾ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಉಳಿದದ್ದು ಮೂರೇ ಹಾಳೆ. ನನ್ನದು ಮೂಗಿನ ದನಿ, ಹುಡುಗರು ನನ್ನ ಹಿಂದೆ ಅಣಕಿಸುತ್ತಾರೆ. ಆದರೂ ಓದಿದೆ. ತುಂಗಕ್ಕ ಆ ಮನೆಯ ಬಾಗಿಲಿಗೆ ಬಂದಳು. ಬಾಗಿಲಿಗೆ ಬೀಗವಿತ್ತು. ಅಣ್ಣ ತೀರಿಹೋಗಿ ವರ್ಷವಾಯಿತು ಎಂದರು ಪಕ್ಕದವರು. ತುಂಗಕ್ಕ ಕಟ್ಟೆಯ ಮೇಲೆ ಕೂತಳು. ಪುಸ್ತಕ ಮುಗಿದಿತ್ತು. ನಲವತ್ತು ವರ್ಷ ಈ ಹಾಳೆಯನ್ನು ಕಾಕಾ ಏನೆಂದು ಓದುತ್ತಿದ್ದರೋ ನನಗೆ ಗೊತ್ತಿಲ್ಲ. ನಾನಂತೂ ಆ ಹೊತ್ತಿಗೆ ಯಾವಾಗಲೂ ನಿದ್ದೆ ಹೋಗಿರುತ್ತಿದ್ದೆ. ಈಗ ಎಚ್ಚರವಾಗಿದ್ದೆ, ಓದಲು ಇನ್ನೊಂದು ಸಾಲೂ ಇರಲಿಲ್ಲ. ಪುಸ್ತಕ ಮುಚ್ಚಲು ನನ್ನ ಕೈ ಏಳಲಿಲ್ಲ.

ಕಾಕಾ ಪಾಟಿ ಎಳೆದುಕೊಂಡು ಬರೆಯತೊಡಗಿದರು. ಬಳಪ ಕಿರುಗುಟ್ಟಿತು. ಅಳಿಸಿದರು, ಮತ್ತೆ ಬರೆದರು. ಆಮೇಲೆ ಪಾಟಿಯನ್ನು ತೆರೆದ ಪುಸ್ತಕದ ಮೇಲಿಟ್ಟು ಓದು ಎಂದು ಸನ್ನೆ ಮಾಡಿದರು. ಪುಸ್ತಕದ್ದೇ ಎಂಬ ಹಾಗೆ, ದನಿ ಬದಲಿಸದೆ ಓದಿದೆ.

"ಹಿತ್ತಲ ಬಾಗಿಲು ತೆರೆಯಿತು. ಒಳಗಿನಿಂದ ಒಬ್ಬ ಮುದುಕ ಬಂದು ಆಕೆಯ ಪಕ್ಕದಲ್ಲಿ ಕುಳಿತ. ಅವನೆಂದ: ಭಾಳ ದೂರ ನಡದಿ. ನಾ ಎಲ್ಲೂ ಹೋಗಿಲ್ಲ. ಕಾಲು ಚಾಚಿ ಕುಂಡ್ರು."

ನಾನು ಓದಿ ನಿಲ್ಲಿಸಿದೆ. ಚಿಗವ್ವನ ಮುಖದಲ್ಲಿ ನಗು ಕಾಣಿಸಿತು. ನನ್ನ ದನಿ ಬಂದ ಕಡೆಗೆ ಅವಳು ತಿರುಗಲಿಲ್ಲ, ಕಾಕಾ ಕೂತಿದ್ದ ಕಡೆಗೆ ತಿರುಗಿದಳು.

"ಪುಸ್ತಕದ ಮಂದಿ ಹಿಂಗ ಮಾತಾಡೂದಿಲ್ಲ" ಎಂದಳು. ಕೈಚಾಚಿ ಅವರ ಮೊಣಕೈ ಹುಡುಕಿ ಹಿಡಿದಳು. "ನಿಲ್ಲಸಬ್ಯಾಡ್ರಿ. ಇನ್ನಷ್ಟು ಓದ್ರಿ."

ಕಾಕಾ ಪಾಟಿಯನ್ನು ಅಂಗಿಯ ತೋಳಿನಿಂದ ಒರೆಸಿ ಮತ್ತೆ ಬರೆಯಲು ಕೂತರು. ನಾನು ಬಾಯಿ ತೆರೆದುಕೊಂಡು ಕಾಯುತ್ತ ಕೂತೆ.